ಎಂಜಿನ್ ನಿಂತರೂ ರೆಕ್ಕೆ ನಿಲ್ಲುವುದಿಲ್ಲ

ಕೇಳುಗರಿಗೆ ನಮಸ್ಕಾರ. ಎಂಜಿನ್‌ನಲ್ಲಿ ಏನೋ ತೊಂದರೆಯ ಅನುಮಾನ, ತುರ್ತಾಗಿ ಇಳಿಸುವಾಗ ಹೆಲಿಕಾಪ್ಟರ್ ಅಪಘಾತ. ಇಂಥ ಸುದ್ದಿ ಬಂದಾಗಲೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಎಂಜಿನ್ ನಿಂತರೆ ಕಲ್ಲು ಬಿದ್ದ ಹಾಗೆ ಬೀಳುತ್ತದೆ, ಅಲ್ವಾ ಸಾರ್? ಇಲ್ಲ. ಪೈಲಟ್‌ಗಳಿಗೆ ಪಾಠ ಹೇಳಿಯೇ ತಲೆ ನರೆತವನು ನಾನು. ಎಂಜಿನ್ ನಿಂತರೂ ರೆಕ್ಕೆ ನಿಲ್ಲುವುದಿಲ್ಲ.

ಇಳಿಜಾರಿನಲ್ಲಿ ಸೈಕಲ್ ಪೆಡಲ್ ತುಳಿಯುವುದನ್ನು ಬಿಟ್ಟರೆ ಚಕ್ರ ನಿಲ್ಲುತ್ತದೆಯೇ? ಹೆಲಿಕಾಪ್ಟರ್‌ನಲ್ಲೂ ಅಂಥದೇ ಒಂದು ಫ್ರೀವೀಲ್ ಇದೆ. ಎಂಜಿನ್ ಕೈಕೊಟ್ಟ ಕೂಡಲೇ ಪೈಲಟ್ ಎಡಗೈಯ ಕಲೆಕ್ಟಿವ್ ಲಿವರನ್ನು ಕೆಳಗೆ ಒತ್ತಬೇಕು. ಆಗ ರೆಕ್ಕೆಗಳ ಓರೆ ಕಡಿಮೆಯಾಗುತ್ತದೆ. ಯಂತ್ರ ಇಳಿಯತೊಡಗುತ್ತದೆ. ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ಗಿರಗಿಟ್ಲೆಯ ಹಾಗೆ ತಿರುಗಿಸುತ್ತದೆ. ಆಟೊರೊಟೇಶನ್ ಅಂತ ಇದರ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಗಿರಗಿಟ್ಲೆ ನೆನಪಿರಲಿ.

ನನಗೆ ತುಂಬ ಇಷ್ಟವಾದ ಕತೆ ಒಂದಿದೆ. 1972ರ ಜೂನ್ 21. ಫ್ರಾನ್ಸಿನ ಟೆಸ್ಟ್ ಪೈಲಟ್ ಝಾನ್ ಬೂಲೆ, ಲಾಮಾ ಎಂಬ ಪುಟ್ಟ ಹೆಲಿಕಾಪ್ಟರ್‌ನಲ್ಲಿ ಎತ್ತರದ ದಾಖಲೆ ಮಾಡಲು ಹೊರಟರು. ಭಾರ ಕಡಿಮೆಯಾಗಲಿ ಅಂತ ಬೇಡದ ಸಾಮಾನನ್ನೆಲ್ಲ ಮೊದಲೇ ಕಿತ್ತು ಹಾಕಿದ್ದರು. ಏರಿದರು, ಏರಿದರು, 12,442 ಮೀಟರ್! ಎವರೆಸ್ಟ್‌ಗಿಂತ ಮೂರೂವರೆ ಕಿಲೋಮೀಟರ್ ಜಾಸ್ತಿ. ಹೊರಗೆ ಸೊನ್ನೆಗಿಂತ 60 ಡಿಗ್ರಿಗೂ ಕೆಳಗಿನ ಚಳಿ. ಇನ್ನು ಇಳಿಯೋಣ ಅಂತ ಪವರ್ ತಗ್ಗಿಸಿದರು ನೋಡಿ, ಎಂಜಿನ್ ಆರಿಯೇ ಹೋಯಿತು. ಮತ್ತೆ ಹತ್ತಿಕೊಳ್ಳಲಿಲ್ಲ. ಯೋಚಿಸಿ, ಹನ್ನೆರಡು ಕಿಲೋಮೀಟರ್ ಮೇಲೆ ಒಬ್ಬರೇ, ಎಂಜಿನ್ನಿನ ಸದ್ದೂ ಇಲ್ಲ. ಅಲ್ಲಿಂದ ನೆಲದವರೆಗೂ ಬರೀ ಗಾಳಿ ತಿರುಗಿಸಿದ ರೆಕ್ಕೆಯ ಮೇಲೆಯೇ ಬಂದು ಕ್ಷೇಮವಾಗಿ ಇಳಿದರು. ಎತ್ತರಕ್ಕೆ ಹೋದವರಿಗೆ ಇಳಿಯುವುದರಲ್ಲೂ ದಾಖಲೆ ಸಿಕ್ಕಿತು! ಕಲ್ಲಿನ ಹಾಗೆ ಬೀಳುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಾಗಾದರೆ ಅಪಘಾತ ಯಾಕೆ ಆಗುತ್ತದೆ? ಸ್ಟುಡಿಯೊ ಗಾಜಿನಾಚೆಯಿಂದ ಸಮಯವಾಯಿತು ಅಂತ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಬೂಲೆ ಅವರ ಹತ್ತಿರ ಎತ್ತರವಿತ್ತು, ಎತ್ತರವಿದ್ದರೆ ಸಮಯವಿರುತ್ತದೆ. ನೆಲದಿಂದ ನೂರಿನ್ನೂರು ಅಡಿ ಮೇಲೆ, ಮುಂದೆ ಸಾಗದೆ ನಿಂತಲ್ಲೇ ತೇಲುತ್ತಿರುವಾಗ ಎಂಜಿನ್ ಹೋದರೆ ಗಿರಗಿಟ್ಲೆಗೆ ವೇಗ ಕೂಡುವಷ್ಟು ಪುರುಸೊತ್ತು ಇರುವುದಿಲ್ಲ. ಇನ್ನೊಂದು, ತಿರುಗುವ ರೆಕ್ಕೆಯಲ್ಲಿರುವ ಬಲವನ್ನು ಕೊನೆಯಲ್ಲಿ ಒಂದೇ ಸಲ ಬಳಸಬಹುದು. ಲಿವರ್ ಎತ್ತಿದರೆ ಇಳಿಯುವ ವೇಗ ತಗ್ಗುತ್ತದೆ, ಜೊತೆಗೇ ರೆಕ್ಕೆಯೂ ನಿಧಾನವಾಗುತ್ತದೆ. ಒಂದೆರಡು ಸೆಕೆಂಡು ಮೊದಲೇ ಎತ್ತಿದರೆ ಮುಗಿಯಿತು. ಜೊತೆಗೆ ವಿದ್ಯುತ್ ತಂತಿ, ಮೆತ್ತಗಿನ ಮಣ್ಣು, ಓರೆ ನೆಲ. ಸ್ಕಿಡ್, ಅಂದರೆ ಹೆಲಿಕಾಪ್ಟರ್ ನೆಲಕ್ಕೂರುವ ಅಡಿಯ ಉದ್ದ ಕೊಳವೆ, ಸಿಕ್ಕಿಕೊಂಡರೆ ಯಂತ್ರ ಮಗುಚುತ್ತದೆ.

ಅದಕ್ಕೇ ಎಂಜಿನ್ ಎಣ್ಣೆಯಲ್ಲಿ ಲೋಹದ ಚೂರು ಬಂದಿದೆ, ಒಳಗೇನೋ ಸವೆಯುತ್ತಿರಬಹುದು ಅಂತ ದೀಪ ಹತ್ತಿದರೂ ಪೈಲಟ್ ಇಳಿಸುತ್ತಾರೆ. ಸುಮ್ನೆ ಹೆದರಿದರು ಅಂತ ಆಡಿಕೊಳ್ಳಬೇಡಿ. ಎಂಜಿನ್ ಇನ್ನೂ ಓಡುತ್ತಿರುವಾಗಲೇ ಜಾಗ ಆರಿಸಿಕೊಳ್ಳುವವರು ಅವರು.

ಪ್ರಯಾಣಿಕರಿಗೆ ಒಂದು ಮಾತು. ಹೆಲಿಕಾಪ್ಟರ್ ನೆಲಕ್ಕಿಳಿದ ಮೇಲೂ ಅಷ್ಟೇ, ಎಂಜಿನ್ ನಿಂತರೂ ರೆಕ್ಕೆ ನಿಂತಿರುವುದಿಲ್ಲ! ಬೆಂಕಿ ಕಾಣದಿದ್ದರೆ ಬೆಲ್ಟ್ ಬಿಚ್ಚದೆ ಕೂತಿರಿ. ನೀವು ಹೊರಗೆ ಇಳಿದ ಮೇಲೆ ಬಾಲದ ಕಡೆ ಹೋಗಬೇಡಿ. ನೆಲ ಇಳಿಜಾರಾಗಿದ್ದರೆ ತಗ್ಗಿನ ಕಡೆಗೇ ನಡೆಯಿರಿ, ದಿಬ್ಬದ ಕಡೆ ರೆಕ್ಕೆ ತಲೆಗೇ ತಾಗುವಷ್ಟು ಹತ್ತಿರವಿರುತ್ತದೆ. ನಮಸ್ಕಾರ.