ತೆರೆ ಕಾಣದ ಭಯದ ಕಥೆಗಳು

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಕಳೆದ ಮಳೆಗಾಲದಲ್ಲಿ ಸಕಲೇಶಪುರದ ತರುಣನೊಬ್ಬ ನನಗೊಂದು ದೆವ್ವದ ಕಥೆ ಹೇಳಿದ. ಶಿರಾಡಿ ಘಾಟಿಯ ಮಂಜಿನಲ್ಲಿ ಲಾರಿಯೊಂದು ನಿಂತಿದೆ, ವೈಪರ್ ಆಡುತ್ತಿದೆ, ಒಳಗೆ ಯಾರೂ ಇಲ್ಲ. ಚಿತ್ರಕಥೆ ಎಲ್ಲಿ ಎಂದು ಕೇಳಿದೆ. "ಎಲ್ಲಾ ತಲೆಯಲ್ಲೇ ಇದೆ ಸಾರ್, ನಿರ್ಮಾಪಕರು ಸಿಕ್ಕಿದ ಮೇಲೆ ಬರೆಯುತ್ತೇನೆ" ಎಂದ. ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಚಿತ್ರ ಆಗಲಿ, ಬಿಡಲಿ, ಮೊದಲು ಬರೆದಿಡಬೇಕು.

ಮೆಕ್ಸಿಕೋದ ನಿರ್ದೇಶಕ ಗಿಯೆರ್ಮೊ ಡೆಲ್ ಟೋರೊ ಅವರನ್ನೇ ನೋಡಿ. ಭಯದ ಚಿತ್ರಗಳಿಗೆ ಹೆಸರಾದ ಇವರು ಕೈಬಿಡಬೇಕಾಗಿ ಬಂದ ಯೋಜನೆಗಳು ಬಹಳ. ಆದರೆ ಹೊಳೆದದ್ದನ್ನೆಲ್ಲ ಅವರು ಟಿಪ್ಪಣಿ ಪುಸ್ತಕಕ್ಕೆ ಇಳಿಸುತ್ತಾರೆ. ಪುಟದ ನಡುವೆ ವಿಕಾರ ಜೀವಿಯೊಂದರ ರೇಖಾಚಿತ್ರ, ಅದರ ಸುತ್ತ ಒತ್ತೊತ್ತಾಗಿ ತುಂಬಿದ ಬರಹ. 'ಪ್ಯಾನ್ಸ್ ಲ್ಯಾಬಿರಿಂತ್' ಚಿತ್ರಕ್ಕಾಗಿ ವರ್ಷಗಟ್ಟಲೆ ಬರೆದಿದ್ದ ಅಂಥ ಪುಸ್ತಕವನ್ನು ಅವರು ಒಮ್ಮೆ ಲಂಡನ್ನಿನ ಟ್ಯಾಕ್ಸಿಯಲ್ಲಿ ಮರೆತು ಇಳಿದುಬಿಟ್ಟರು. ಜಾತ್ರೆಯಲ್ಲಿ ಮಗುವನ್ನು ಕಳೆದುಕೊಂಡವರ ಸಂಕಟ ಅದು. ಬರೆದವರಿಗಷ್ಟೇ ಬೆಲೆಬಾಳುವ ಆ ಪುಸ್ತಕವನ್ನು ಚಾಲಕ ಮೂಲೆಗೆ ಎಸೆಯಬಹುದಿತ್ತು. ಆದರೆ ಎರಡು ದಿನಗಳ ನಂತರ ಹುಡುಕಿಕೊಂಡು ಬಂದು ಕೈಗಿತ್ತ. ಡೆಲ್ ಟೋರೊ ಅದನ್ನು ಶುಭಸೂಚನೆಯೆಂದೇ ತಿಳಿದರು. 2006ರಲ್ಲಿ ಆ ಚಿತ್ರ ತೆರೆಗೆ ಬಂತು. ಅದರಲ್ಲಿ ಚರ್ಮ ಜೋತುಬಿದ್ದ ಪಿಶಾಚಿಯೊಂದು ತಟ್ಟೆಯ ಮೇಲಿದ್ದ ಕಣ್ಣುಗುಡ್ಡೆಗಳನ್ನು ಅಂಗೈಗೆ ಸಿಕ್ಕಿಸಿಕೊಂಡು, ಕೈಗಳನ್ನು ಮುಖದ ಮುಂದೆ ಹಿಡಿದು ನೋಡುವ ದೃಶ್ಯವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕದ ಭಯದ ಕಥೆಗಾರ ಲವ್‌ಕ್ರಾಫ್ಟ್ ಅವರ ಅಂಟಾರ್ಕ್ಟಿಕಾದ ಕಥೆಯನ್ನು ಚಿತ್ರವಾಗಿಸಲು ಡೆಲ್ ಟೋರೊ ಅವರಿಗೆ ಸುಮಾರು 15 ಕೋಟಿ ಡಾಲರ್ ಬೇಕಿತ್ತು. ಅಷ್ಟು ಹಣ ಹಾಕಿ, ಮಕ್ಕಳು ತಾವಾಗಿ ಬಂದು ನೋಡಲಾಗದ ಚಿತ್ರ ಮಾಡಲು ಯೂನಿವರ್ಸಲ್ ಸಂಸ್ಥೆ 2011ರಲ್ಲಿ ಒಪ್ಪಲಿಲ್ಲ. ಅದು ಇಂದಿಗೂ ಆಗಿಲ್ಲ. ಆದರೆ ಚಿತ್ರಕಥೆ ಇದೆ, ಏಕೆಂದರೆ ಬರೆದಿಟ್ಟಿದ್ದರು. ರಕ್ತಪಿಶಾಚಿಗಳ ಟಿವಿ ಧಾರಾವಾಹಿಯೊಂದನ್ನು ಫಾಕ್ಸ್ ವಾಹಿನಿಯ ಮುಂದಿಟ್ಟಾಗ, ಅವರು ಹಾಸ್ಯ ಧಾರಾವಾಹಿ ಕೇಳಿದರಂತೆ. ಡೆಲ್ ಟೋರೊ ಅದನ್ನೇ ಲೇಖಕ ಚಕ್ ಹೋಗನ್ ಅವರೊಡನೆ ಕಾದಂಬರಿಯಾಗಿ ಬರೆದರು. 2009ರಲ್ಲಿ ಮೊದಲ ಸಂಪುಟ ಹೊರಬಂತು, 2014ರಲ್ಲಿ ಅದು 'ದಿ ಸ್ಟ್ರೇನ್' ಹೆಸರಿನ ಧಾರಾವಾಹಿಯೇ ಆಯಿತು. ಬರೆದಿಡದೆ ಇದ್ದಿದ್ದರೆ ಇದಾಗುತ್ತಿತ್ತೇ?

ಆ ಸಕಲೇಶಪುರದ ತರುಣ ಈಗ ರೇಡಿಯೋ ಕೇಳುತ್ತಿದ್ದರೆ ಒಂದು ಮಾತು. ಘಾಟಿಯ ಲಾರಿಯ ಆ ದೃಶ್ಯವೊಂದನ್ನಾದರೂ ಬರೆದು ತಾರಪ್ಪ, ಕೂತು ಓದೋಣ. ನಮಸ್ಕಾರ.