ಸಿಲಿಂಡರ್ ಇಲ್ಲದ ಕಾಲದಲ್ಲಿ ಹೈಡ್ರೋಜನ್ ಬಲೂನ್ ತುಂಬಿಸಿದ್ದು ಹೇಗೆ?

ನಮಸ್ಕಾರ! ವೀಕ್ಷಕರೊಬ್ಬರು ಕೇಳಿದ್ದಾರೆ: "1783ರಲ್ಲೇ ಹೈಡ್ರೋಜನ್ ಬಲೂನ್ ಹಾರಿಸಿದ್ರು ಅಂತೀರಲ್ಲ ಸಾರ್, ಗ್ಯಾಸ್ ಯಾವ ಏಜೆನ್ಸಿಯಿಂದ ಬಂತು?"

ಹೈಡ್ರೋಜನ್ ಗಾಳಿಗಿಂತ ಬಹಳ ಹಗುರ ಅಂತ ಇಂಗ್ಲೆಂಡಿನ ವಿಜ್ಞಾನಿ ಕ್ಯಾವೆಂಡಿಶ್ 1766ರಲ್ಲೇ ತೋರಿಸಿದ್ದರು. ಅದು ಸ್ಕೂಲಲ್ಲಿ ಓದಿದ್ದೀರಿ, ಬಿಡಿ. ಸೀದಾ ಪ್ಯಾರಿಸ್‌ಗೆ ಹೋಗೋಣ.

[ತೆರೆಯ ಮೇಲೆ: ಜಾಕ್ ಚಾರ್ಲ್ಸ್ ಚಿತ್ರ]

ಫ್ರೆಂಚ್ ವಿಜ್ಞಾನಿ ಈ ಜಾಕ್ ಚಾರ್ಲ್ಸ್ ಮತ್ತು ರಾಬರ್ಟ್ ಸೋದರರು ಸೇರಿ, ಟರ್ಪೆಂಟೈನ್‌ನಲ್ಲಿ ಕರಗಿಸಿದ ರಬ್ಬರನ್ನು ರೇಷ್ಮೆಗೆ ಬಳಿದು, ಸುಮಾರು 4 ಮೀಟರ್ ಅಗಲದ ಬಲೂನ್ ಮಾಡಿದರು. ಗ್ಯಾಸ್? ಅಲ್ಲೇ ತಯಾರು! ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿಯೋದು, ಬುಸುಗುಟ್ಟಿ ಎದ್ದ ಅನಿಲವನ್ನು ಸೀಸದ ಕೊಳವೆಯಲ್ಲಿ ಒಳಗೆ ಬಿಡೋದು. ಹೆಚ್ಚುಕಮ್ಮಿ 500 ಕಿಲೋ ಕಬ್ಬಿಣ, 250 ಕಿಲೋ ಆಮ್ಲ ಹಿಡಿಯಿತು. ಬಲೂನಿನ ಗಾತ್ರ 35 ಘನ ಮೀಟರ್. ಕಾಗದದ ಮೇಲೆ ಲೆಕ್ಕ ಹಾಕಿದರೆ ಇಷ್ಟು ಅನಿಲಕ್ಕೆ 90 ಕಿಲೋ ಕಬ್ಬಿಣ ಸಾಕು, ಉಳಿದದ್ದೆಲ್ಲ ಪೋಲು!

ನನಗೆ ಭಾರಿ ಮಜಾ ಕೊಟ್ಟಿದ್ದು ಇದು. ಆಮ್ಲ ಬಿದ್ದ ಕಬ್ಬಿಣ ಕಾಯುತ್ತೆ, ಅನಿಲ ಬಿಸಿಯಾಗೇ ಬರುತ್ತೆ. ಬಲೂನ್ ಉಬ್ಬಿತು ಅಂತ ಇವರು ನಿಟ್ಟುಸಿರು ಬಿಡೋಷ್ಟರಲ್ಲಿ ಒಳಗೆ ತಣ್ಣಗಾಗಿ ಕುಗ್ಗುತ್ತೆ. ಮತ್ತೆ ಸುರಿ, ಮತ್ತೆ ತುಂಬಿಸು. ದಿನಗಟ್ಟಲೆ ಇದೇ ಗೋಳು. ತಣ್ಣಗಾದ ಅನಿಲ ಕುಗ್ಗೋದು ಯಾವ ನಿಯಮ? ಚಾರ್ಲ್ಸ್ ನಿಯಮ! ಮುಂದೆ ಇವರದೇ ಹೆಸರು ಹೊತ್ತ ನಿಯಮ, ಆಗಲೇ ಇವರನ್ನ ಸತಾಯಿಸ್ತಿತ್ತು.

ಆಗಸ್ಟ್ 27, ಶಾಂ ದ ಮಾರ್ಸ್ ಮೈದಾನ. ಜನರಿಲ್ಲದ ಬಲೂನ್ ಮುಕ್ಕಾಲು ಗಂಟೆ ಹಾರಿ ಗೊನೆಸ್ ಹಳ್ಳಿಯಲ್ಲಿ ಇಳಿಯಿತು. ಹಳ್ಳಿಯವರು ಇದ್ಯಾವುದೋ ಪಿಶಾಚಿ ಅಂತ ಕವಲುಗೋಲಿನಿಂದ ತಿವಿದು ಚಿಂದಿ ಮಾಡಿದರು. ನಾನಿದ್ದರೂ ತಿವೀತಿದ್ದೆ.

ಡಿಸೆಂಬರ್ 1ಕ್ಕೆ ಚಾರ್ಲ್ಸ್ ಮತ್ತು ಸೋದರರಲ್ಲಿ ಒಬ್ಬರಾದ ನಿಕೊಲಾ ರಾಬರ್ಟ್ ಇನ್ನೊಂದು ಬಲೂನ್ ಮಾಡಿ ತಾವೇ ಹತ್ತಿದರು. ಅನಿಲ ಬಿಡೋಕೆ ಕವಾಟ, ಎಸೆಯೋಕೆ ಮರಳು, ಎತ್ತರ ಅಳೆಯೋಕೆ ಬ್ಯಾರೋಮೀಟರ್. ಎರಡು ಗಂಟೆ ಹಾರಾಟ. ಇಳಿದ ಮೇಲೆ ರಾಬರ್ಟ್ ಕೆಳಗುಳಿದರು, ಚಾರ್ಲ್ಸ್ ಒಬ್ಬರೇ ಮತ್ತೆ ಹೊರಟರು. ಒಬ್ಬರ ಭಾರ ಕಮ್ಮಿಯಾಯ್ತಲ್ಲ, ಬಲೂನ್ ಸರ್ರನೆ ಸುಮಾರು 3000 ಮೀಟರ್ ಏರಿತು. ಕೆಳಗೆ ಮುಳುಗಿದ್ದ ಸೂರ್ಯ ಮೇಲೆ ಮತ್ತೆ ಕಂಡ! ಕಿವಿನೋವು ತಡೆಯದೆ ಇಳಿದವರು ಆಮೇಲೆ ಯಾವತ್ತೂ ಬಲೂನ್ ಹತ್ತಲಿಲ್ಲ.

ಟೈಮ್ ಮುಗೀತಿದೆ, ಉಳಿದದ್ದು ಓಡಿಸ್ತೀನಿ. ಜನವರಿ 1785: ಬ್ಲಾಂಶಾರ್, ಜೆಫ್ರೀಸ್ ಎಂಬಿಬ್ಬರು ಬಲೂನಿನಲ್ಲಿ ಹೊರಟು, ಭಾರ ಇಳಿಸೋಕೆ ಉಟ್ಟ ಬಟ್ಟೆಯನ್ನೂ ಎಸೆದು ಇಂಗ್ಲಿಷ್ ಕಡಲ್ಗಾಲುವೆ ದಾಟಿದರು. ಅದೇ ವರ್ಷ ಜೂನ್‌ನಲ್ಲಿ ಪಿಲಾತ್ರ್ ದ ರೋಜಿಯೆ ಎಂಬ ಬಲೂನಿಗ, ಥಟ್ಟನೆ ಹೊತ್ತಿಕೊಳ್ಳೋ ಹೈಡ್ರೋಜನ್ ಬಲೂನಿನ ಕೆಳಗೆ ಬೆಂಕಿಯಿಂದ ಗಾಳಿ ಕಾಯಿಸಿ ಹಾರೋ ಬಲೂನ್ ಕಟ್ಟಿಕೊಂಡು ಹೊರಟು ಸತ್ತರು. ಬ್ಲಾಂಶಾರ್ ಹೆಂಡತಿ ಸೋಫಿ? ಹೈಡ್ರೋಜನ್ ಬಲೂನಿನಿಂದಲೇ ಪಟಾಕಿ ಪ್ರದರ್ಶನ! ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಸುರುಸುರುಬತ್ತಿ ಹಚ್ಚಿದ ಹಾಗೆ. ವರ್ಷಗಟ್ಟಲೆ ನಡೆಸಿದರು, 1819ರಲ್ಲಿ ಪ್ಯಾರಿಸ್‌ನಲ್ಲಿ ಅನಿಲಕ್ಕೆ ಬೆಂಕಿ ಹತ್ತಿ, ಮನೆಯೊಂದರ ಮಾಡಿಗೆ ಬಡಿದು ಬೀದಿಗೆ ಬಿದ್ದು ತೀರಿಕೊಂಡರು.