ಹಲಸಿನ ಮರ ಬಿತ್ತು, ಲೇಥ್ ಸಾಲದಾಯಿತು

ಮೊದಲು ಈ ಸದ್ದು ಕೇಳಿ. ಟಕ್ ಟಕ್ ಟಕ್ ಅಂತ ಬರುತ್ತಿದೆಯಲ್ಲ, ಅದು ತಿರುಗುವ ಮರದ ಓರೆಕೋರೆ ಅಂಚು ಉಳಿಗೆ ಬಡಿಯುವ ಸದ್ದು. ಸ್ವಲ್ಪ ತಾಳಿ. ಈಗ... ಸುಯ್ ಅಂತ ಒಂದೇ ಎಳೆಯಾಯಿತು. ಮರ ಗುಂಡಗಾಯಿತು. ಇದನ್ನು ಕೇಳುವುದಕ್ಕೇ ನನ್ನ ಭಾನುವಾರಗಳೆಲ್ಲ ಈ ಶೆಡ್ಡಿಗೆ ಹೋಗುತ್ತಿವೆ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಕಾಫಿ ಮೂಟೆ ಇಡುತ್ತಿದ್ದ ಶೆಡ್ ಇದು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆಯಲ್ಲ, ಅದು ನನ್ನ ಮೊದಲ ಲೇಥ್, ಮರ ತಿರುಗಿಸಿ ಕಡೆಯುವ ಯಂತ್ರ. ಅದರಲ್ಲಿ 10 ಇಂಚು ಅಗಲದ ಮರ ಹಿಡಿಸುತ್ತದೆ. ಲೆಕ್ಕ ಸುಲಭ. ಮರ ಸಿಕ್ಕಿಸುವ ನಡುಬಿಂದುವಿನಿಂದ ಕೆಳಗಿನ ಕಬ್ಬಿಣದ ಹಾಸಿನವರೆಗೆ 5 ಇಂಚು. ಅದರ ಎರಡರಷ್ಟು ಅಗಲ ತಿರುಗಬಹುದು, ಅಷ್ಟೇ.

ಅದನ್ನು ತಂದ ದಿನ ಅಮ್ಮ ನೋಡಿ, "ಇದರಲ್ಲಿ ಏನು ಮಾಡ್ತೀಯೋ?" ಅಂದರು. "ಮರ ಕಡೆಯೋದು" ಅಂದೆ. "ಹಾಗಾದ್ರೆ ಮೊದಲು ನಂಗೊಂದು ಕಡಗೋಲು ಮಾಡಿಕೊಡು" ಅಂದುಬಿಟ್ಟರು. ಮೊಸರಿಗೂ ಮರಕ್ಕೂ ನಮ್ಮಲ್ಲಿ ಒಂದೇ ಮಾತು ಅಲ್ವಾ, ಕಡೆಯುವುದು. ಕಡಗೋಲಿನ ಕೋಲು ನೆಟ್ಟಗೆ ಬಂತು. ತಲೆಯ ಸೀಳುಗಳನ್ನು ಮಾತ್ರ ಕೈಯಲ್ಲೇ ಕೊರೆಯಬೇಕಾಯಿತು, ಒಂದೂ ಸಮ ಇಲ್ಲ. ಅಮ್ಮ ಅದರಲ್ಲೇ ಮಜ್ಜಿಗೆ ಮಾಡುತ್ತಾರೆ, ಪಾಪ.

ಆಮೇಲೆ ಬುಗುರಿ, ಉಳಿಗಳ ಹಿಡಿ, ಲಟ್ಟಣಿಗೆ. ಮರಕ್ಕೆ ಬರ ಇರಲಿಲ್ಲ. ಕಿತ್ತ ಕಾಫಿ ಗಿಡದ ಬುಡಗಳು ಬಿದ್ದಿದ್ದವು. ದಪ್ಪ ಕಡಿಮೆ, ಆದರೆ ಕಾಫಿ ಮರ ಗಟ್ಟಿ, ಬಿಳಿಚು, ನೂಲು (ಮರದ ಎಳೆ) ಬಿಗಿ. ಬುಗುರಿಗೆ ಹೇಳಿ ಮಾಡಿಸಿದ ಹಾಗೆ. ಇಲ್ಲೊಂದು ತಪ್ಪು ಮಾಡಿದೆ. ಬಿಳಿ ಕಾಂಡಕೊರಕ ಅನ್ನುವ ಹುಳು ಹೊಕ್ಕ ಅರೇಬಿಕಾ ಕಾಫಿ ಬುಡಗಳನ್ನೂ ತಂದು ಒಟ್ಟಿದ್ದೆ. ಉಳಿ ಇಟ್ಟರೆ ಒಳಗೆಲ್ಲ ಸುರಂಗ, ಸುರಂಗದ ತುಂಬ ಪುಡಿ. ಕೊರಕ ಬಿದ್ದ ಗಿಡವನ್ನು ಕಿತ್ತು ಸುಡಬೇಕು, ತೋಟ ಇರುವವರಿಗೆಲ್ಲ ಗೊತ್ತಿರುವ ವಿಷಯ. ನಾನು ಅದನ್ನು ತೋಟದ ಮಧ್ಯದ ಶೆಡ್ಡಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ! ಅಪ್ಪ ಕಂಡವರೇ ಅವತ್ತೇ ಎಲ್ಲವನ್ನೂ ಬಚ್ಚಲೊಲೆಗೆ ಹಾಕಿಸಿದರು. ಈಗ ರೋಬಸ್ಟಾ ಬುಡ ಮಾತ್ರ ತರುತ್ತೇನೆ, ಅದನ್ನೂ ಸೀಳಿ ನೋಡಿ.

ಚಿಕ್ಕ ಲೇಥಿನಲ್ಲೇ ಸುಖವಾಗಿದ್ದೆ. ಒಂದು ಮಳೆಗಾಲ ಹಿತ್ತಲಿನ ಹಲಸಿನ ಮರ ಬೇರು ಸಮೇತ ಮಗುಚಿ ಬಿತ್ತು. ಹಳದಿ ಅಂದರೆ ಅರಿಶಿನದಂಥ ಹಳದಿ ತಿರುಳು. ಅದರಲ್ಲಿ 9 ಇಂಚಿನ ತುಂಡು ಕೊಯ್ದು ಲೇಥಿಗೆ ಏರಿಸಿ ಸ್ವಿಚ್ ಒತ್ತಿದೆ. ಬೆಂಚು ಸಮೇತ ಲೇಥ್ ನಡೆಯತೊಡಗಿತು. ಸುಳ್ಳಲ್ಲ, ಅರ್ಧ ಅಡಿ ನಡೆದಿತ್ತು. ಆ ಯಂತ್ರದ ಅತಿ ಕಡಿಮೆ ವೇಗ ನಿಮಿಷಕ್ಕೆ 750 ಸುತ್ತು. 9 ಇಂಚಿನ ಮರ ಆ ವೇಗದಲ್ಲಿ ತಿರುಗಿದರೆ ಅದರ ಅಂಚು ಗಂಟೆಗೆ 32 ಕಿಲೋಮೀಟರ್ ಓಡುತ್ತಿರುತ್ತದೆ. ಒಂದು ಕಡೆ ಭಾರ ಜಾಸ್ತಿ ಇರುವ ಹಸಿ ಮರ ಹಾಗೆ ಓಡಿದರೆ ಏನಾಗಬೇಕೋ ಅದೇ ಆಯಿತು. ಮರವನ್ನು ಕಚ್ಚಿ ಹಿಡಿಯುವ ಚಕ್ಕಿನಿಂದ ಕಳಚಿ ಹಾರಿ ಗೋಡೆಗೆ ಬಡಿಯಿತು. ಮುಖಕ್ಕೆ ಪಾರದರ್ಶಕ ಗುರಾಣಿ ಹಾಕಿದ್ದೆ, ಬಚಾವ್. ಸುಮ್ನೆ ಕನ್ನಡಕ ಹಾಕಿಕೊಂಡು ಇದನ್ನು ಮಾಡಬೇಡಿ, ದಯವಿಟ್ಟು.

ದೊಡ್ಡ ಲೇಥ್ ಅಂದರೆ ದೊಡ್ಡ ಬಟ್ಟಲಿಗೆ ಅಂತ ಎಲ್ಲರೂ ತಿಳಿಯುತ್ತಾರೆ. ನನಗೆ ಬೇಕಿದ್ದದ್ದು ಎರಡೇ, ತೂಕ ಮತ್ತು ನಿಧಾನ. ಕಡೆಯುವವರಲ್ಲಿ ಒಂದು ಲೆಕ್ಕ ಇದೆ: ಮರದ ಅಗಲ ಇಂಚಿನಲ್ಲಿ, ಅದಕ್ಕೆ ಸುತ್ತಿನ ಸಂಖ್ಯೆ ಗುಣಿಸಿದರೆ 6000ದಿಂದ 9000ದ ಒಳಗಿರಬೇಕು. 14 ಇಂಚಿನ ಮರಕ್ಕೆ ಸುಮಾರು 430ರಿಂದ 640. ಅದೂ ಗುಂಡಗಾದ ಮೇಲಿನ ಮಾತು. ಶುರುವಿನಲ್ಲಿ ಇನ್ನೂ ನಿಧಾನ.

ಮೈಸೂರಿನ ಒಂದು ಹಳೆಯ ಪೀಠೋಪಕರಣದ ಅಂಗಡಿಯಲ್ಲಿ ಮಂಚದ ಕಾಲು ಕಡೆಯುತ್ತಿದ್ದ ಲೇಥ್ ಸಿಕ್ಕಿತು. ಇದೇ. 16 ಇಂಚು ಹಿಡಿಸುತ್ತದೆ, ಎರಕದ ಕಬ್ಬಿಣ. ಪಿಕಪ್ಪಿನಿಂದ ಇಳಿಸಲು ಐದು ಜನ, ಎರಡು ಬಿದಿರು, ತುಂಬಾ ಬೈಗುಳ. ಮೋಟರ್ ಸುಟ್ಟಿತ್ತು. 2 ಎಚ್‌ಪಿಯ ತ್ರೀ ಫೇಸ್ ಮೋಟರ್ ಹಾಕಿಸಿದೆ. ಮನೆಗೆ ಇರುವುದು ಸಿಂಗಲ್ ಫೇಸ್. ಪರವಾಗಿಲ್ಲ, ನಡುವೆ ಈ ಡ್ರೈವ್ ಪೆಟ್ಟಿಗೆ ಇದೆ. ಸಿಂಗಲ್ ಫೇಸನ್ನೇ ತ್ರೀ ಫೇಸ್ ಮಾಡಿ ಕೊಡುತ್ತದೆ. ಈ ಗುಂಡಿ ತಿರುಗಿಸಿದರೆ ವೇಗವೂ ಬದಲಾಗುತ್ತದೆ, ಬೆಲ್ಟ್ ಬಿಚ್ಚಬೇಕಿಲ್ಲ. ಇನ್ನೊಂದು ಅನುಕೂಲ ನಮ್ಮ ಊರಿನವರಿಗೇ ಅರ್ಥವಾಗಬೇಕು. ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ದೇವರಿಗೇ ಗೊತ್ತು. ಹಳೆಯ ಲೇಥಿನ ಸ್ವಿಚ್ ಆರಿಸಲು ಮರೆತರೆ, ಕರೆಂಟ್ ಬಂದ ಕೂಡಲೇ ತಾನಾಗಿ ತಿರುಗುತ್ತಿತ್ತು. ಒಮ್ಮೆ ನನ್ನ ಕೈ ಚಕ್ಕಿನ ಮೇಲೇ ಇತ್ತು. ಇದನ್ನು ನಾನು ಹೊಂದಿಸಿರುವ ರೀತಿಯಲ್ಲಿ, ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಅಲ್ಲಾಡುವುದಿಲ್ಲ.

ಇನ್ನು ಇದು, ಅದೇ ಹಲಸು. 14 ಇಂಚು ಅಗಲ, 5 ಇಂಚು ದಪ್ಪ, ಏರಿಸುವಾಗ 10 ಕೆ.ಜಿ. ದಾಟಿತ್ತು. 250 ಸುತ್ತಿನಲ್ಲಿ ಶುರು ಮಾಡಿದೆ. ನೋಡಿ, ಮುಖದ ಗುರಾಣಿಯ ಮೇಲೆ ಹನಿಗಳು. ಅದು ಮಳೆಯಲ್ಲ, ಮರದ ನೀರು. ಹೊಟ್ಟು ಉದುರುವುದಿಲ್ಲ, ಒದ್ದೆ ನೂಲಿನ ಹಾಗೆ ಉದ್ದುದ್ದ ಹಾರುತ್ತದೆ. ಗೋಡೆಗೆಲ್ಲ ಅಂಟು.

ಹಸಿ ಮರದ ಬಟ್ಟಲನ್ನು ಒಂದೇ ಸಲಕ್ಕೆ ಮುಗಿಸುವ ಹಾಗಿಲ್ಲ. ಅಗಲದ ಹತ್ತರಲ್ಲಿ ಒಂದು ಪಾಲು ದಪ್ಪ ಬಿಡಬೇಕು. ಇದಕ್ಕೆ ಸುಮಾರು ಒಂದೂವರೆ ಇಂಚು. ಒಣಗುವಾಗ ಅದು ಸೊಟ್ಟಗಾಗಿ ಮೊಟ್ಟೆಯಾಕಾರಕ್ಕೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ಏರಿಸಿ ಗುಂಡಗೆ ಕಡೆಯಬೇಕು. ನೂಲಿನ ಕೊಯ್ದ ತುದಿಗಳು ಕಾಣುವ ಕಡೆ ಮೇಣ ಬಳಿದಿದ್ದೇನೆ, ಬೇಗ ಒಣಗಿ ಸೀಳದಿರಲಿ ಅಂತ. ಕೊಡಗಿನಲ್ಲಿ ಬೇಗ ಒಣಗುವ ಭಯವೇ ಅನ್ನಬೇಡಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಮೊದಲ ಬಟ್ಟಲು ಒಂದೇ ವಾರದಲ್ಲಿ ಬಿರುಕು ಬಿಟ್ಟಿತ್ತು. ಶೆಡ್ಡಿನಲ್ಲಿಟ್ಟ ಎರಡನೆಯದಕ್ಕೆ ಬೂಷ್ಟು ಬಂತು. ಇದು ಮೂರನೆಯದು. ಕಾಗದದ ಚೀಲಕ್ಕೆ ಹಾಕಿ, ನಡುಮನೆಯ ಕಪಾಟಿನ ಮೇಲಿದೆ.

ಅಮ್ಮ ಇದನ್ನು ಆಗಲೇ 'ಮರಿಗೆ' (ಅಗಲ ಬಾಯಿಯ ಮರದ ಪಾತ್ರೆ) ಅಂತ ಕರೆಯುತ್ತಿದ್ದಾರೆ. ಅನ್ನ ಆರಲು ಹಾಕುವುದಕ್ಕಂತೆ. ತಳದಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುವುದು ಕಾಣುತ್ತಿದೆಯಾ? ವಾರ ವಾರದ ತೂಕ. ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ. 4,310 ಗ್ರಾಂ. 4,120. 3,985. ಮೊನ್ನೆ ಹಿಡಿದ ಮಳೆ ಬಿಟ್ಟಿಲ್ಲ, ಈ ವಾರ 3,990.